ತಂಗಿಯ ಬೆನ್ನು, ಅಜ್ಜಿಯ ಕೈ

ಐದು ತುಂಬುವ ಹೊತ್ತಿಗೆ ತಂಗಿ ಬಗ್ಗುವುದನ್ನೇ ಬಿಟ್ಟಳು. ನೆಲದಲ್ಲಿ ಬಿದ್ದ ಹುಣಸೆಬೀಜ ಹೆಕ್ಕಲೂ ಬೆನ್ನು ನೆಟ್ಟಗಿಟ್ಟೇ ಕುಕ್ಕರಗಾಲಲ್ಲಿ ಕೂತು, ತೊಡೆಗೆ ಕೈಯೂರಿ ಏಳುತ್ತಿದ್ದಳು. ಆಗ ನಾವು ಕಾಪುವಿನಲ್ಲಿದ್ದೆವು. ಅಪ್ಪ ಅಲ್ಲಿ ಶಾಲೆಯ ಮಾಸ್ಟ್ರು. ಹನ್ನೊಂದು ವರ್ಷದ ನನಗೆ ಅದು ಅವಳ ಸೋಮಾರಿತನವೆಂದೇ ಕಂಡಿತ್ತು.

ಒಂದು ದಿನ ಸ್ನಾನ ಮಾಡಿಸುವಾಗ ಅವಳ ಬೆನ್ನಿನ ನಡುವೆ ಅಡಕೆಯಷ್ಟು ಗಂಟು ಅಜ್ಜಿಯ ಕೈಗೆ ಸಿಕ್ಕಿತು. ನಮ್ಮೊಡನೆಯೇ ಇದ್ದ ಅಮ್ಮನ ತಾಯಿ ಅವರು. ಬಾಣಂತಿಯರಿಗೆ, ಶಿಶುಗಳಿಗೆ ಎಣ್ಣೆ ಹಚ್ಚಿ ಮೀಯಿಸುವುದರಲ್ಲಿ ಊರಿನಲ್ಲಿ ಅವರಿಗೆ ಹೆಸರಿತ್ತು.

"ಉಳುಕಿರಬೇಕು. ತಿಕ್ಕಿದರೆ ಇಳಿಯುತ್ತದೆ" ಎಂದರು.

ಮೂರು ತಿಂಗಳು ದಿನವೂ ಬಿಸಿ ಎಣ್ಣೆ ಹಚ್ಚಿ ತಿಕ್ಕಿದರು. ತಂಗಿ ಅತ್ತರೆ ತಾವೂ ಅಳುತ್ತ ತಿಕ್ಕುತ್ತಿದ್ದರು. ಗಂಟು ದೊಡ್ಡದಾಯಿತು, ಸಂಜೆ ಜ್ವರ ಬರತೊಡಗಿತು, ನಡೆಯುವಾಗ ಕಾಲು ಎಡವತೊಡಗಿತು.

ಕೊನೆಗೆ ಅಪ್ಪ ಅವಳನ್ನು ಎತ್ತಿಕೊಂಡು ಉಡುಪಿಯ ಆಸ್ಪತ್ರೆಗೆ ಹೋದರು. ನಾನೂ ಜೊತೆಗಿದ್ದೆ. ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಬೆನ್ನೆಲುಬಿನ ಕ್ಷಯ. ತಿಕ್ಕಬಾರದಿತ್ತು ಮಾಸ್ಟ್ರೇ" ಎಂದರು. ಎದೆಯಿಂದ ಸೊಂಟದವರೆಗೆ ಪ್ಲಾಸ್ಟರ್ ಹಾಕಿ, ಒಂದು ವರ್ಷ ಮಲಗಿಯೇ ಇರಬೇಕೆಂದರು.

"ತಿಕ್ಕಿದ ವಿಷಯ ಅಜ್ಜಿಯ ಹತ್ತಿರ ಎತ್ತಬೇಡ" ಎಂದು ಅಪ್ಪ ನನಗೆ ಹೇಳಿದರು.

ನಾಲ್ಕೈದು ತಿಂಗಳು ಎತ್ತಲಿಲ್ಲ. ಶಾಲೆಯಿಂದ ಬಂದ ಕೂಡಲೇ ತಂಗಿಯನ್ನು ನೋಡಿಕೊಳ್ಳುವುದು ನನ್ನ ಕೆಲಸ. ಪ್ಲಾಸ್ಟರಿನೊಳಗೆ ತುರಿಸಿದರೆ ತೆಂಗಿನ ಕಡ್ಡಿ ತೂರಿಸಿ ಕೆರೆಯುತ್ತಿದ್ದೆ. ಒಂದು ಸಂಜೆ ಬಟ್ಟೆ ಮಡಿಚುತ್ತಿದ್ದ ಅಜ್ಜಿ, "ಮೆಲ್ಲ ಮಾರಾಯ್ತಿ, ಅವಳಿಗೆ ನೋಯುತ್ತದೆ" ಎಂದರು.

ನನಗೆ ಆಡಲು ಹೋಗಬೇಕಿತ್ತು. ಎದ್ದು ಅವರ ಬಳಿ ಹೋಗಿ, ತಂಗಿಗೆ ಕೇಳಿಸದ ಹಾಗೆ, "ನೀವು ತಿಕ್ಕಿಯೇ ಅವಳು ಹೀಗಾದದ್ದು. ಡಾಕ್ಟರೇ ಹೇಳಿದ್ದು" ಎಂದುಬಿಟ್ಟೆ.

"ಹೌದಾ?" ಎಂದರು ಅಜ್ಜಿ. ಉಳಿದ ಬಟ್ಟೆಗಳನ್ನೆಲ್ಲ ಮಡಿಚಿಟ್ಟು ಒಳಗೆ ಹೋದರು.

ಆಮೇಲೆ ಅವರು ತಂಗಿಯನ್ನು ಮುಟ್ಟಲಿಲ್ಲ. "ಅಜ್ಜಿ, ತಲೆ ಬಾಚಿ" ಎಂದು ಅವಳು ಕರೆದರೆ, ಬಾಗಿಲಲ್ಲೇ ನಿಂತು "ಅಮ್ಮ ಬಾಚುತ್ತಾಳೆ ಮಗಾ" ಎನ್ನುತ್ತಿದ್ದರು. ಬಾಣಂತಿಯ ಮನೆಯವರು ಕರೆಯಲು ಬಂದರೆ ಕೈಯಲ್ಲಿ ಬಲವಿಲ್ಲವೆಂದು ಕಳಿಸಿಬಿಡುತ್ತಿದ್ದರು. ಕೊನೆಗೆ ಬೆಳ್ಮಣ್ಣಿನಲ್ಲಿದ್ದ ಸೋದರಮಾವನ ಮನೆಗೆ ಹೋದವರು ಅಲ್ಲಿಯೇ ತೀರಿಕೊಂಡರು. ಪ್ಲಾಸ್ಟರ್ ಬಿಚ್ಚಿದ ಮೇಲೆ ತಂಗಿ ಗೋಡೆ ಹಿಡಿದು ನಡೆದದ್ದನ್ನು ಅವರು ನೋಡಲಿಲ್ಲ. ಅವಳ ಗೂನು ಹಾಗೆಯೇ ಉಳಿಯಿತು.

ಅರವತ್ತರ ದಶಕದಲ್ಲಿ ನಾನು ನರ್ಸಿಂಗ್ ಕಲಿಯುತ್ತಿದ್ದಾಗ ಒಬ್ಬ ಹಿರಿಯ ಡಾಕ್ಟರನ್ನು ಕೇಳಿದೆ. "ತಿಕ್ಕಿದ್ದರಿಂದ ನೋವು ಹೆಚ್ಚಿರಬಹುದು. ಆದರೆ ಎಲುಬನ್ನು ತಿಂದದ್ದು ರೋಗ. ತಿಕ್ಕದಿದ್ದರೂ ಬೆನ್ನು ಬಾಗುತ್ತಿತ್ತು" ಎಂದರು.

ರಜೆಗೆ ಮನೆಗೆ ಹೋದಾಗ, ಅಂದು ಅಜ್ಜಿಗೆ ನಾನು ಅಂದದ್ದನ್ನೂ ಸೇರಿಸಿ ಎಲ್ಲವನ್ನೂ ತಂಗಿಗೆ ಹೇಳಿದೆ. ಅವಳು ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದಳು.

"ನನ್ನ ಗೂನು ನೋಡಿ ಅಜ್ಜಿಗೆ ಹೇಸಿಗೆ ಆಗಿತ್ತು ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ ಅಕ್ಕ" ಎಂದಳು.

ರಜೆ ಮುಗಿಯುವವರೆಗೂ ಅವಳು ನನ್ನೊಡನೆ ಮತ್ತೆ ಮಾತಾಡಲಿಲ್ಲ.