ಸೀಟು ಇಳಿಸಿದ ಸಂಜೆ

ಲಕ್ವ ಹೊಡೆದು ನನ್ನ ಯಜಮಾನರ ಬಲಗೈ, ಬಲಗಾಲು ಸೋತ ಮೇಲೆ ಅವರ ಸೈಕಲ್ಲು ನನ್ನ ಪಾಲಿಗೆ ಬಂತು. ಚೆಟ್ಟಳ್ಳಿ ಕಡೆಯ ಕಾಫಿ ಎಸ್ಟೇಟೊಂದರಲ್ಲಿ ಅವರು ಲೆಕ್ಕ ಬರೆಯುವ ರೈಟರಾಗಿದ್ದರು. ಕೆಲಸದವರ ಲೈನುಮನೆಗಳಿಗೆಲ್ಲ ಅದರಲ್ಲೇ ಓಡಾಟ. ಈಗ ಅದೇ ಎಸ್ಟೇಟಿನಲ್ಲಿ ನಾನು ಕೆಲಸದವರ ಮಕ್ಕಳನ್ನು ನೋಡಿಕೊಳ್ಳುತ್ತೇನೆ. ಬೆಳಿಗ್ಗೆ ಮನೆಯಲ್ಲಿ ಯಜಮಾನರಿಗೆ ಸ್ನಾನ ಮಾಡಿಸಿ, ತಿಂಡಿ ತಿನ್ನಿಸಿ, ಅಷ್ಟು ದೂರ ನಡೆಯುವ ಹೊತ್ತಿಗೆ ಮೈಯಲ್ಲಿ ತ್ರಾಣವೇ ಉಳಿದಿರುತ್ತಿರಲಿಲ್ಲ. ಹಾಗಾಗಿ ಸೈಕಲ್ಲು ತೆಗೆದೆ. ಹುಡುಗಿಯಾಗಿದ್ದಾಗ ಕಲಿತದ್ದು ಮರೆತಿರಲಿಲ್ಲ.

ಆದರೆ ಇವರು ಎತ್ತರದ ಆಳು, ಸೀಟೂ ಇವರ ಅಳತೆಗೇ ಇತ್ತು. ಪೆಡಲು ಕೆಳಗಿಳಿದಾಗ ನನ್ನ ಬೆರಳ ತುದಿಯಷ್ಟೇ ತಾಗುತ್ತಿತ್ತು. ಸೀಟಿನ ಮೇಲೆ ಆಚೀಚೆ ಜಾರಿ ಜಾರಿ, ಮನೆಗೆ ಬರುವಾಗ ನಡು ಬಿದ್ದುಹೋದಂತಿರುತ್ತಿತ್ತು. ಹ್ಯಾಂಡಲ್ಲಿಗೆ ಬಗ್ಗಿ ಬಗ್ಗಿ ಅಂಗೈ ಜೋಮು ಹಿಡಿಯುತ್ತಿತ್ತು. ಒಂದು ಸಂಜೆ ತಿರುವಿನಲ್ಲಿ ಜೀಪು ಎದುರಾದಾಗ ಬ್ರೇಕ್ ಹಿಡಿದೆ. ಕಾಲು ನೆಲಕ್ಕೆ ಎಟುಕದೆ ಕಾಫಿ ಗಿಡಗಳ ಮೇಲೆ ಬಿದ್ದೆ.

ಮನೆಗೆ ಬಂದು ಮೊಣಕೈ ತೊಳೆಯುವಾಗ ಜಗಲಿಯ ಕುರ್ಚಿಯಿಂದ ಇವರು ನೋಡುತ್ತಿದ್ದರು.

“ಸೀಟು ಇಳ್ಸು,” ಅಂದರು. ಮಾತು ಇನ್ನೂ ತೊದಲುತ್ತಿತ್ತು.

ಇರಲಿ, ನೀವು ಹುಷಾರಾದ ಮೇಲೆ ಮತ್ತೆ ಏರಿಸಬೇಕಲ್ಲ ಎಂದೆ. ಹುಷಾರಾಗುತ್ತೀರಿ ಎಂಬ ಮಾತನ್ನು ತಿಂಗಳುಗಳಿಂದ ಆಡುತ್ತ ಬಂದಿದ್ದೆ. ಆಡುವುದಕ್ಕೂ ಆಯಾಸವಾಗುತ್ತಿತ್ತು.

“ನಾನಿನ್ನು ಸೈಕಲ್ ಹತ್ತಲ್ಲ ಕಣೆ. ನೀನು ಬೀಳ್ಬೇಡ.”

ನನಗೆ ಅಳು ಬರಲಿಲ್ಲ. ಇನ್ನು ಸುಳ್ಳು ಸಮಾಧಾನ ಹೇಳಬೇಕಿಲ್ಲವಲ್ಲ ಅನಿಸಿತು. ಒಳಗೆ ಹೋಗಿ ಸ್ಪ್ಯಾನರ್ ತಂದು, ಸೈಕಲ್ಲನ್ನು ಇವರ ಕುರ್ಚಿಯ ಪಕ್ಕ ನಿಲ್ಲಿಸಿದೆ. ಬೋಲ್ಟು ತುಕ್ಕು ಹಿಡಿದಿತ್ತು. ಎಣ್ಣೆ ಬಿಟ್ಟು ಕಾದೆವು. ಸೀಟು ಕೆಳಗಿಳಿಯುವಾಗ ಇವರು ತೋಟದ ಕಡೆ ಮುಖ ತಿರುಗಿಸಿದರು. ಆಮೇಲೆ ಎಡಗೈಯಲ್ಲಿ ಹ್ಯಾಂಡಲ್ ಹಿಡಿದುಕೊಂಡು, ಹತ್ತಿ ಕೂರು ಎಂದರು. ಪೆಡಲು ಪೂರ್ತಿ ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು, ಪಾದದ ಮುಂಭಾಗ ಇಟ್ಟರೆ ಮೊಣಕಾಲು ತುಸು ಮಡಿಸಿರಬೇಕು ಎಂದು ತಡೆದು ತಡೆದು ಹೇಳಿಕೊಟ್ಟರು. ಸರಿಹೋಗುವವರೆಗೆ ಇಳಿಸಿದೆ, ಕೂತು ನೋಡಿದೆ, ಮತ್ತೆ ಇಳಿಸಿದೆ. ಹ್ಯಾಂಡಲನ್ನು ಸ್ವಲ್ಪ ಮೇಲೆತ್ತಿದೆ. ಬೋಲ್ಟು ಬಿಗಿದು, ಸೀಟನ್ನು ತಿರುಚಿದರೂ ಅಲುಗುವುದಿಲ್ಲವೆಂದು ಖಾತ್ರಿಯಾದ ಮೇಲೇ ಇವರು ಹ್ಯಾಂಡಲ್ ಬಿಟ್ಟದ್ದು.

ಮರುದಿನ ಸೀಟಿನ ಮೇಲೆ ಆಚೀಚೆ ಜಾರಲಿಲ್ಲ. ನಿಲ್ಲಿಸಿದರೆ ಕಾಲು ನೆಲಕ್ಕೆ ತಾಗಿತು. ಏರಿನಲ್ಲಿ ಇಳಿದು ತಳ್ಳುವುದು ಮಾತ್ರ ತಪ್ಪಲಿಲ್ಲ. ಸಂಜೆ ಬಂದಾಗ ಹೇಗಾಯ್ತು ಎಂದು ಕೇಳಿದರು. ನಡು ನೋಯಲಿಲ್ಲ ಅಂದೆ. ಅನ್ನಕ್ಕಿಡಬೇಕಿತ್ತು. ಇವರ ಕುರ್ಚಿಗೆ ಒರಗಿ ನೆಲದ ಮೇಲೆ ಕುಳಿತವಳಿಗೆ ಹಾಗೇ ನಿದ್ದೆ ಹತ್ತಿತು. ಎಚ್ಚರವಾದಾಗ ಕತ್ತಲಾಗಿತ್ತು, ಇವರು ನನ್ನನ್ನು ಎಬ್ಬಿಸದೆ ಸುಮ್ಮನೆ ಕುಳಿತಿದ್ದರು.