ಒಂದು ಐರಿಸ್ ಹೂವಿಗಾಗಿ ನಾಲ್ಕು ತಾಲ್ಲೂಕು

ಜನವರಿಯ ಕೊನೆಯ ಭಾನುವಾರ ಬೆಳಿಗ್ಗೆ ಆರೂವರೆಗೆ ಶಿರಾ ನಿಲ್ದಾಣದಲ್ಲಿ ಪಾವಗಡದ ಸರ್ಕಾರಿ ಬಸ್ಸು ಹತ್ತಿದೆ. ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತವಾದ್ದರಿಂದ ನಿರ್ವಾಹಕರು ಸೊನ್ನೆ ರೂಪಾಯಿಯ ಟಿಕೆಟು ಕೊಟ್ಟರು. ಚೀಲದಲ್ಲಿ ನೀರಿನ ಬಾಟಲಿ, ಗೆಡ್ಡೆ ಕೀಳುವ ಪುಟ್ಟ ಸಲಿಕೆ ಮತ್ತು ಮೂರು ಮನೆಗಳ ಹೆಸರು ಬರೆದಿದ್ದ ನೋಟ್ ಪುಸ್ತಕ ಇದ್ದವು. ಸಂಜೆಯೊಳಗೆ ಆ ಮೂರರಲ್ಲಿ ಎಲ್ಲಾದರೂ ಒಂದು ಹೂವು ಅರಳಿರುವುದನ್ನು ನಾನು ಕಾಣಲೇಬೇಕಿತ್ತು.

ಐರಿಸ್ ತಂಪು ನಾಡಿನ ಹೂವು. ಅದರಲ್ಲಿಯೂ ಈರುಳ್ಳಿಯಂಥ ಗೆಡ್ಡೆಯಿಂದ ಬೆಳೆಯುವ ಬಗೆಗಳು ನಮ್ಮ ಕಡೆ ಬಹಳ ಅಪರೂಪ. ಬೆಂಗಳೂರಿನ ಹಿರಿಯ ಸಂಗ್ರಾಹಕರಾದ ವಾಸುದೇವರಾಯರು ಅಂಥ ಎರಡು ಬಗೆಗಳನ್ನು ಕೂಡಿಸಿ ಒಂದು ಮಿಶ್ರತಳಿ ಬೆಳೆಸಿದ್ದಾರೆ. ಗಾಢ ನೀಲಿಯ ಎಸಳು, ಅದರ ನಡುವೆ ಅರಿಶಿನದ ಬೆರಳಿಂದ ಎಳೆದಂಥ ಒಂದು ಗೆರೆ. ಕಳೆದ ಆಷಾಢದಲ್ಲಿ ಅವರು ನಲವತ್ತು ಗೆಡ್ಡೆಗಳನ್ನು ನನ್ನ ಕೈಗಿಟ್ಟು, “ನಿಮ್ಮ ಬಿಸಿಲಿಗೆ ಇದು ಹೂ ಬಿಡೋದಿಲ್ಲ. ಜನವರಿ ಮುಗಿಯೋದರೊಳಗೆ ಒಂದೇ ಒಂದು ಹೂವು ತೋರಿಸಿ, ತಳಿ ನಿಮ್ಮದು. ಇಲ್ಲದಿದ್ದರೆ ಎಲ್ಲವನ್ನೂ ಕಿತ್ತು ವಾಪಸ್ ಕಳಿಸಿ, ಊಟಿಯವರು ಕೇಳ್ತಿದ್ದಾರೆ” ಎಂದಿದ್ದರು. ನಮ್ಮ ಮನೆಯಲ್ಲಿ ಕಾಲೇಜು ಕಂಡವಳು ನಾನೊಬ್ಬಳೇ, ಓದಿದ್ದು ಸಸ್ಯಶಾಸ್ತ್ರ. ಆ ಧೈರ್ಯದಿಂದಲೋ ಏನೋ, ಆಗಲಿ ಎಂದುಬಿಟ್ಟಿದ್ದೆ.

ಹತ್ತು ಗೆಡ್ಡೆಗಳನ್ನು ನಾನಿಟ್ಟುಕೊಂಡು ಉಳಿದವನ್ನು ಗಿಡಗಳಲ್ಲಿ ಆಸಕ್ತಿಯಿದ್ದ ಮೂವರಿಗೆ ಹತ್ತತ್ತರಂತೆ ಹಂಚಿದೆ. ನೆಡುವ ಮೊದಲು ಎಲ್ಲವನ್ನೂ ಆರು ವಾರ ಕೋಲ್ಡ್ ಸ್ಟೋರೇಜಿನಲ್ಲಿ, ಹುಣಸೆಹಣ್ಣಿನ ಮೂಟೆಗಳ ಪಕ್ಕದಲ್ಲಿ ಇಡಿಸಿದೆವು. ಚಳಿಗಾಲ ಕಳೆಯಿತೆಂದು ಗೆಡ್ಡೆ ನಂಬಿದರಷ್ಟೇ ಅದು ಹೂ ಬಿಡುತ್ತದೆ. ಶಿರಾದಲ್ಲಿ ನನ್ನ ಹತ್ತರಲ್ಲಿ ಒಂದೂ ನಂಬಿರಲಿಲ್ಲ.

ಪಾವಗಡ ತಲುಪಿದಾಗ ಒಂಬತ್ತು ಗಂಟೆ. ಅಲ್ಲಿ ಮೋಟಾರು ರಿಪೇರಿ ಅಂಗಡಿ ಇಟ್ಟಿರುವ ರಾಮಾಂಜನೇಯಲು ಅವರ ತಾರಸಿಯ ತುಂಬ ಕುಂಡಗಳು.

“ರಾಮ್ಮಾ, ರಾ! ಅಂತಾ ಆಕುಲೇ! ಬರೀ ಎಲೆ ಕಣಮ್ಮಾ” ಎಂದು ಅವರು ತೆಲುಗು ಬೆರೆಸಿ ಒಳಗೆ ಕರೆಯುತ್ತಾ ಮೆಟ್ಟಿಲಲ್ಲೇ ಹೇಳಿಬಿಟ್ಟರು. ಹತ್ತು ಕುಂಡಗಳಲ್ಲೂ ಎಲೆಗಳು ಮೊಣಕಾಲುದ್ದ ಬೆಳೆದು ಓಲಾಡುತ್ತಿದ್ದವು. ಅವುಗಳ ನಡುವೆ ಬೆರಳಾಡಿಸಿ ನೋಡಿದೆ, ಮೊಗ್ಗು ಇರಲಿಲ್ಲ.

ಇಡ್ಲಿಯ ತಟ್ಟೆ ಹಿಡಿದು ಬಂದ ಅವರ ಪತ್ನಿ, “ಈರುಳ್ಳಿ ಸೊಪ್ಪಿನಂಗೇ ಐತಲ್ಲ, ಪಲ್ಯ ಮಾಡಾಣ ಅಂತ ಇವರನ್ನ ಕೇಳ್ತಿದ್ದೆ” ಎಂದರು.

“ದಯವಿಟ್ಟು ಬೇಡ, ಅದು ವಿಷ” ಎಂದೆ.

“ಪೋನೀ ಬಿಡು. ಹೂವೂ ಇಲ್ಲ, ಪಲ್ಯಾನೂ ಇಲ್ಲ” ಎಂದು ರಾಮಾಂಜನೇಯಲು ನಕ್ಕರು. ನನಗೆ ನಗು ಬರಲಿಲ್ಲ. ಇಡ್ಲಿ ಮಾತ್ರ ಬಹಳ ಮೆತ್ತಗಿತ್ತು.

ಮಧುಗಿರಿಗೆ ಖಾಸಗಿ ಬಸ್ಸು ಸಿಕ್ಕಿತು. ತೊಂಬತ್ತು ರೂಪಾಯಿ, ಎರಡು ಗಂಟೆಗೂ ಹೆಚ್ಚು ಪ್ರಯಾಣ. ಬೆಳಗಿನ ಚಳಿ ಎಲ್ಲಿ ಹೋಯಿತೋ, ಕಿಟಕಿಯ ಕಂಬಿ ಮುಟ್ಟಿದರೆ ಸುಡುತ್ತಿತ್ತು. ರಸ್ತೆಯುದ್ದಕ್ಕೂ ಹುಣಸೆಮರಗಳಲ್ಲಿ ಕಾಯಿ ಕಂದುಗಟ್ಟುತ್ತಿತ್ತು. ಏಕಶಿಲೆಯ ಬೆಟ್ಟ ಕಾಣಿಸಿದಾಗ ಹನ್ನೆರಡೂವರೆ.

ನಮ್ಮ ಗೆಡ್ಡೆಗಳಿಗೆ ತಂಪಿನ ಜಾಗ ಕೊಟ್ಟವರು ಮಧುಗಿರಿಯ ಹುಣಸೆಹಣ್ಣಿನ ವ್ಯಾಪಾರಿ ಬಸವರಾಜಪ್ಪನವರು. ಅವರ ಹಿತ್ತಲಲ್ಲಿ ಒಂದು ಗಿಡದ ನಡುವೆ ಮೊಗ್ಗಿನ ಉಬ್ಬು ಕಂಡು ಓಡಿಹೋಗಿ ಅದರ ಮುಂದೆ ಕುಕ್ಕರಿಸಿದೆ. ಮೆಲ್ಲಗೆ ಹೊದಿಕೆ ಬಿಡಿಸಿದೆ. ಒಳಗೆ ಮೊಗ್ಗು ಒಣಗಿ ಕಾಗದದಂತಾಗಿತ್ತು.

“ನನ್ನ ಹಣ್ಣಿನ ಸಾವಾಸಕ್ಕೆ ಹುಳಿ ಹಿಡೀತೇನೋ ಬುಡಮ್ಮ. ಊಟ ಮಾಡು ಬಾ” ಎಂದರು ಬಸವರಾಜಪ್ಪನವರು. ಮುದ್ದೆ, ಹುರುಳಿಕಾಳಿನ ಸಾರು ಬಡಿಸುತ್ತಾ ಮತ್ತೆ ಹೇಳಿದರು: “ಆ ತೋವಿನಕೆರೆ ಗಂಗಮ್ಮನ ಗೆಡ್ಡೆ ಇನ್ನೂ ಗಬ್ಬು ಕಣಮ್ಮ. ಒಲೆ ಹೊಗೆ ವಾಸ್ನೆ! ನನ್ನ ಹಣ್ಣಿಗೆ ಹತ್ಕಂಡ್ರೆ ಯಾರ್ ತಗಂತಾರೆ ಅಂತ ಮೂಲೇಲಿ ಇಡ್ಸಿದ್ದೆ.”

ನನ್ನ ಪಟ್ಟಿಯ ಮೂರನೆಯ ಹೆಸರು ಅದೇ ಗಂಗಮ್ಮನವರದು. ಕೊರಟಗೆರೆ ತಾಲ್ಲೂಕಿನ ತೋವಿನಕೆರೆಯಲ್ಲಿ ಸೇವಂತಿಗೆ ಬೆಳೆಯುವ ಅವರು, ನಾನು ಕೊಟ್ಟ ಗೆಡ್ಡೆಗಳನ್ನು ಬಟ್ಟೆಯಲ್ಲಿ ಕಟ್ಟಿ, ಬಿತ್ತನೆಯ ಜೋಳದ ತೆನೆಗಳ ಜೊತೆ ಒಲೆಯ ಮೇಲೆ ತೂಗುಹಾಕಿದ್ದರು. ಹೊಗೆಯಾಡಿದ ಬೀಜಕ್ಕೆ ಹುಳು ಬೀಳುವುದಿಲ್ಲವೆಂದು ಆ ಕಡೆಯ ರೂಢಿ. ಶ್ರಾವಣದಲ್ಲಿ ಹೋದಾಗ ಮಸಿ ಹಿಡಿದ ಗೆಡ್ಡೆಗಳನ್ನು ಕಂಡು, “ಇದು ಜೀವವಿರುವ ಗೆಡ್ಡೆ, ಹೀಗೆ ಕೊಲ್ಲಬಾರದು” ಎಂದು ಅವರನ್ನು ಎಲ್ಲರೆದುರು ಬೈದು ಬಂದಿದ್ದೆ. ಅವರ ಹೆಸರಿನ ಮುಂದೆ ಕಾಟು ಹಾಕಿದ್ದೆ. ಈಗ ನೇರವಾಗಿ ಶಿರಾಕ್ಕೆ ಮರಳಿಬಿಡೋಣವೆನ್ನಿಸಿತು. ಆದರೆ ಪಾವಗಡ, ಮಧುಗಿರಿಯ ಗೆಡ್ಡೆಗಳನ್ನು ಕಿತ್ತು ಚೀಲಕ್ಕೆ ಹಾಕಿಕೊಂಡಾಗಿತ್ತು, ರಾಯರಿಗೆ ಹಿಂದಿರುಗಿಸಲು ಆ ಹತ್ತನ್ನೂ ಕಿತ್ತು ತರಬೇಕಿತ್ತಲ್ಲ. ಕೊರಟಗೆರೆಗೆ ಹೋಗಿ, ಅಲ್ಲಿ ಬಸ್ಸು ಬದಲಾಯಿಸಿ ತೋವಿನಕೆರೆಗೆ ಹೊರಟೆ.

ಇಳಿದಾಗ ನಾಲ್ಕೂಕಾಲು. ರಸ್ತೆ ಬದಿಯ ಹೊಲದಲ್ಲೇ ಗಂಗಮ್ಮನವರು ಸೇವಂತಿಗೆ ಬಿಡಿಸುತ್ತಿದ್ದರು.

“ಬಂದ್ಬುಟ್ಟಾ ಮಗಾ? ಬಯ್ಯೋಕ್ ಬಂದೆಯೋ, ನೋಡೋಕ್ ಬಂದೆಯೋ?”

“ಕೀಳಲು ಬಂದಿದ್ದೇನೆ, ಅಮ್ಮ.”

“ಕೀಳ್ತೀಯಾ? ಆಯ್ತು, ಬಾ ಇಂಗೆ” ಎಂದು ನನ್ನ ಮೊಣಕೈ ಹಿಡಿದು ಬದುವಿನ ಆಚೆಗೆ ಕರೆದೊಯ್ದರು.

ಹಳದಿ ಸೇವಂತಿಗೆಯ ಸಾಲಿನ ಕೊನೆಯಲ್ಲಿ ಐರಿಸ್‌ಗಳು ಅರಳಿ ನಿಂತಿದ್ದವು. ಗಾಢ ನೀಲಿ, ನಡುವೆ ಅರಿಶಿನದ ಗೆರೆ. ಎಣಿಸಿದೆ, ತಪ್ಪಿರಬಹುದೆಂದು ಮತ್ತೆ ಎಣಿಸಿದೆ. ಒಂಬತ್ತು! ಹತ್ತನೆಯದು ಬಿರಿಯುತ್ತಿತ್ತು. ಸಾಲಿನ ಮಣ್ಣಿನಲ್ಲೇ ಕುಳಿತುಬಿಟ್ಟೆ.

ಆಗ ನೆನಪಾಯಿತು. ಹೊಗೆಯಲ್ಲಿರುವ ಒಂದು ಅನಿಲ ಕೆಲವು ಗೆಡ್ಡೆಗಳ ಹೂಮೊಗ್ಗನ್ನು ಎಬ್ಬಿಸುತ್ತದೆ. ಪರೀಕ್ಷೆಯಲ್ಲಿ ಇದನ್ನೇ ಇಂಗ್ಲಿಷಿನಲ್ಲಿ ಬರೆದು ಅಂಕ ಪಡೆದಿದ್ದೆ. ಅಡುಗೆಮನೆಯಲ್ಲಿ ಅದೇ ವಿದ್ಯೆ ನೇತಾಡುತ್ತಿದ್ದಾಗ ನನಗೆ ಗುರುತು ಸಿಕ್ಕಿರಲಿಲ್ಲ.

“ನಾನು ಬೈದದ್ದು ತಪ್ಪು, ಅಮ್ಮ” ಎಂದೆ.

“ಬುಡು ಬುಡು. ನೀ ಬೈದ್ ಹೋದ್ಯಲ್ಲ, ಆ ಸಿಟ್ಟಿಗೆ ಇನ್ನೆಂಟ್ ದಿನ ಜಾಸ್ತೀನೇ ಹೊಗೆ ಹಾಕ್ದೆ ಕಣವ್ವ!”

ಕೂಡಲೇ ರಾಯರಿಗೆ ವಿಡಿಯೋ ಕರೆ ಮಾಡಿ ಫೋನನ್ನು ಹೂವಿನತ್ತ ಹಿಡಿದೆ. ಅವರು ಕನ್ನಡಕ ಹಾಕಿಕೊಂಡು ಪರದೆಯ ಹತ್ತಿರ ಬಗ್ಗಿ ನೋಡಿದರು. ಆಮೇಲೆ, “ಇದು ಊಟಿಯೇ?” ಎಂದರು.

ಗಂಗಮ್ಮನವರು ನನ್ನ ಭುಜದ ಮೇಲಿಂದ ಬಗ್ಗಿದರು. “ಊಟಿ ಯಾಕಾಯ್ತದೆ ಸ್ವಾಮಿ? ತೋವಿನಕೆರೆ! ಬಿಸಿಲು ಕಾಣಾಕಿಲ್ವಾ?”

ರಾಯರು ಗಟ್ಟಿಯಾಗಿ ನಕ್ಕರು. “ಸೋತೆ ತಾಯಿ. ಒಂದು ಕೇಳಿದ್ದೆ, ಒಂಬತ್ತು ತೋರಿಸಿದ್ದೀರಿ. ತಳಿ ನಿಮ್ಮದು. ಆದರೆ ಹೇಗೆ ಮಾಡಿದಿರಿ?”

ಶಾಸ್ತ್ರೀಯವಾದ ಒಂದು ಉತ್ತರ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು ಫೋನನ್ನು ಗಂಗಮ್ಮನವರ ಕೈಗೆ ಕೊಟ್ಟೆ. ಅವರು ಬದುವಿನ ಮೇಲೆ ಕುಳಿತು ಯಾವ ಸೌದೆ, ಒಲೆಯಿಂದ ಎಷ್ಟು ಮೊಳ ಮೇಲೆ, ಎಷ್ಟು ದಿನ ಎಂದು ಹೇಳತೊಡಗಿದರು. “ನಿಧಾನವಾಗಿ ಹೇಳಿ, ಬರ್ಕೊಳ್ತಿದ್ದೀನಿ” ಎಂಬ ರಾಯರ ದನಿ ಕೇಳಿಸಿತು.

ಅಷ್ಟರಲ್ಲಿ ಕೊರಟಗೆರೆಯ ಬಸ್ಸು ಬಂದು ನಿಂತು ಹಾರನ್ನು ಹೊಡೆಯಿತು. ಫೋನು ಇನ್ನೂ ಅವರ ಕೈಯಲ್ಲೇ ಇತ್ತು. ಮಾತು ಜಾಲಿಯ ಸೌದೆಗೂ ತೆಂಗಿನ ಗರಿಗೂ ಇರುವ ವ್ಯತ್ಯಾಸಕ್ಕೆ ಬಂದಿತ್ತು. ನಾನು “ಹೋಗಿ” ಎಂದು ಕೈಬೀಸಿ ಬಸ್ಸನ್ನು ಕಳಿಸಿಬಿಟ್ಟು, ನೋಟ್ ಪುಸ್ತಕ ತೆರೆದು ಅವರ ಪಕ್ಕದಲ್ಲಿ ಕುಳಿತೆ.