ಬಾಗಿಲ ಆಚೆಯ ದನಿ

ಕಳೆದ ವಾರ ಇಲ್ಲಿ ಅಡಿಲೇಡ್‌ನ ಪ್ರಾಸ್ಪೆಕ್ಟ್ ರಸ್ತೆಯ ಇಂಡಿಯನ್ ಅಂಗಡಿಯಲ್ಲಿ ಶೇಂಗಾ ಚಟ್ನಿಪುಡಿಯ ಪೊಟ್ಟಣವೊಂದು ಕೈಜಾರಿ ಬಿದ್ದು ಒಡೆಯಿತು. ಬೆಳ್ಳುಳ್ಳಿ, ಒಣಮೆಣಸಿನಕಾಯಿಯ ಘಾಟು. ಅಕ್ಕನ ಹೆಡ್‌ಸೆಟ್ ನೆನಪಾಯಿತು. ಅದರ ಮೈಕಿನ ಸ್ಪಂಜಿಗೆ ಯಾವಾಗಲೂ ಇದೇ ವಾಸನೆ ಇರುತ್ತಿತ್ತು. ನನ್ನದು ಕೆಟ್ಟಾಗ ಅದನ್ನೇ ಹಾಕಿಕೊಂಡು ಹಾರುತ್ತಿದ್ದೆ, ಮೂಗು ಮುರಿಯುತ್ತ...

ಆಗ ನಾವಿಬ್ಬರೂ ಪರ್ತ್‌ನಲ್ಲಿ ವಿಮಾನ ಹಾರಿಸುವುದನ್ನು ಕಲಿಯುತ್ತಿದ್ದೆವು. ಮೋರ್ಲಿ ಬಡಾವಣೆಯಲ್ಲಿ ಒಂದೇ ರೂಮು. ನಾನು ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು. ಅವರು ವಿಜಯಪುರದ ಕಾಲೇಜೊಂದರಲ್ಲಿ ಫಿಸಿಕ್ಸ್ ಲೆಕ್ಚರರ್ ಆಗಿದ್ದು, ಕೆಲಸ ಬಿಟ್ಟು ಬಂದವರು. ನನಗಿಂತ ಆರು ವರ್ಷ ದೊಡ್ಡವರು. ಅಕ್ಕ ಎಂದೇ ಕರೆಯುತ್ತಿದ್ದೆ.

ವಿಮಾನ ಅವರ ಕೈಯಲ್ಲಿ ಹೇಳಿದ ಹಾಗೆ ಕೇಳುತ್ತಿತ್ತು. ಗಾಳಿಯ ಲೆಕ್ಕ, ನಕ್ಷೆ, ಇಳಿಸುವುದು, ಯಾವುದರಲ್ಲೂ ನಾನು ಅವರ ಸಮಕ್ಕೆ ಬರುತ್ತಿರಲಿಲ್ಲ. ಕಷ್ಟವೆಂದರೆ ರೇಡಿಯೋ. ಕಂಟ್ರೋಲ್ ಟವರಿನವರು ಹೇಳಿದ್ದನ್ನು ಪೈಲಟ್ ಕೇಳಿಸಿಕೊಂಡು ಹಾಗೆಯೇ ತಿರುಗಿ ಹೇಳಬೇಕು. ತಿಳಿಯದಿದ್ದರೆ 'ಸೇ ಅಗೇನ್' ಎನ್ನಬೇಕು. ಆ ಆಸ್ಟ್ರೇಲಿಯನ್ ಇಂಗ್ಲಿಷು, ಆ ವೇಗ, ಮೇಲೆ ಗರಗರ ಸದ್ದು. ಕನ್ನಡ ಮೀಡಿಯಂನಲ್ಲಿ ಓದಿದ ಅಕ್ಕ ಒಂದೇ ಮಾತಿಗೆ ಮೂರು ಸಲ 'ಸೇ ಅಗೇನ್' ಎನ್ನುತ್ತಿದ್ದರು.

ದಿನಾ ಸಂಜೆ ಅಭ್ಯಾಸ ಮಾಡುತ್ತಿದ್ದೆವು. ನಾನು ಟವರ್, ಅವರು ಪೈಲಟ್. ಮೊದಲ ದಿನವೇ ಅವರು ಎದ್ದು ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡರು.

"ನಿನ್ನ ಮಾರಿ ಕಂಡ್ರ ನಂಗ ತಿಳೀತೈತಿ. ರೇಡಿಯೋದಾಗ ಮಾರಿ ಇರೂದಿಲ್ಲಲ್ಲ, ಬರೇ ದನಿ," ಎಂದರು ಒಳಗಿನಿಂದ.

ನಾನು ಫ್ಯಾನ್ ಹಾಕಿ, ಟೀವಿ ಜೋರು ಮಾಡಿ, ಬಾಗಿಲಿಗೆ ಬಾಯಿಟ್ಟು ಗಡಗಡ ಹೇಳುತ್ತಿದ್ದೆ. ಅವರು ತಿರುಗಿ ಹೇಳುತ್ತಿದ್ದರು. ತಿಂಗಳು ಕಳೆಯುವುದರಲ್ಲಿ ಮೂರು 'ಸೇ ಅಗೇನ್' ಒಂದಕ್ಕೆ ಇಳಿದಿತ್ತು. ಅಷ್ಟು ಸಾಕಿತ್ತು. ಒಂದು ಸಲ ಕೇಳುವುದರಲ್ಲಿ ಯಾವ ತಪ್ಪೂ ಇಲ್ಲ.

ಆಮೇಲೆ ಎಲೆನ್‌ಬ್ರೂಕ್‌ನ ಆಂಟಿಯೊಬ್ಬರು ಫೋನ್ ಮಾಡಿದರು. "ಸಂಡೇ ಅರ್ವೋ ಬಾರ್ಬಿ ಇಟ್ಕೊಂಡಿದೀವಿ, ಇಬ್ರೂ ಬಂದ್ಬಿಡಿ." ಭಾನುವಾರ ಮಧ್ಯಾಹ್ನ ಅವರ ಹಿತ್ತಲಲ್ಲಿ, ಬಾರ್ಬೆಕ್ಯೂ ಒಲೆಯ ಸುತ್ತ, ಹತ್ತಾರು ಕನ್ನಡದವರು ಸೇರಿದ್ದರು. ಪೈಲಟ್‌ಗಳು ಹೇಗೆ ಮಾತಾಡುತ್ತಾರೆ, ಮಾಡಿ ತೋರಿಸು ಎಂದು ಯಾರೋ ಕೇಳಿದರು. ನಾನು ಎದ್ದು ನಿಂತು ಅಕ್ಕನನ್ನೇ ಮಾಡಿ ತೋರಿಸಿದೆ. ಅವರ ಉಚ್ಚಾರ, ಅವರ ತಡವರಿಕೆ, ಒಂದರ ಮೇಲೊಂದು 'ಸೇ ಅಗೇನ್'. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಕ್ಕಳು 'ಡು ಇಟ್ ಅಗೇನ್' ಎಂದು ಗಂಟು ಬಿದ್ದವು. ಮತ್ತೆ ಮಾಡಿದೆ. ಅಕ್ಕನೂ ನಗುತ್ತಿದ್ದರು, ಕೈಯಲ್ಲಿ ತಟ್ಟೆ ಹಿಡಿದುಕೊಂಡು...

ವಾಪಸು ಬರುವಾಗ ಕಾರಿನಲ್ಲಿ ಕೇಳಿದರು. "ಖರೇನ ನಾ ಅಷ್ಟು ಸಲ ಕೇಳ್ತೀನೇನು?"

"ಅಯ್ಯೋ, ತಮಾಷೆಗೆ ಮಾಡ್ದೆ ಅಕ್ಕ."

"ಇಲ್ಲ, ಚಲೋ ಮಾಡಿದಿ," ಎಂದರು.

ಅಂದಿನಿಂದ ಬಾಗಿಲ ಹಿಂದಿನಿಂದ 'ಸೇ ಅಗೇನ್' ಬರುವುದು ನಿಂತೇಹೋಯಿತು. ಪೂರ್ತಿ ಕೇಳಿಸದಿದ್ದರೂ ಅಂದಾಜಿನ ಮೇಲೆ ಥಟ್ಟನೆ ಉತ್ತರ ಕೊಡುತ್ತಿದ್ದರು. ಹೆಚ್ಚಿನ ಸಲ ಅಂದಾಜು ಸರಿಯಾಗಿಯೇ ಇರುತ್ತಿತ್ತು. ಸುಧಾರಿಸಿದ್ದಾರೆ ಎಂದುಕೊಂಡೆ. ಖುಷಿಪಟ್ಟೆ ಕೂಡ.

ಒಂಟಿಯಾಗಿ ದೂರ ಹಾರಿ ಬರುವ ಪರೀಕ್ಷೆ ಅವರದು ಮೊದಲು ಬಂತು. ಆ ಮಧ್ಯಾಹ್ನ ನಾನು ಫ್ಲೈಯಿಂಗ್ ಸ್ಕೂಲಿನ ಟೀ ಕೋಣೆಯಲ್ಲಿದ್ದೆ. ಅಲ್ಲಿ ಒಂದು ರೇಡಿಯೋ ಸದಾ ಮಾತಾಡುತ್ತಿರುತ್ತದೆ. ಪೂರ್ವದ ಗುಡ್ಡಗಳ ಮೇಲೆ, ಎಲ್ಲರೂ ಎಣಿಸಿದ್ದಕ್ಕಿಂತ ಮೊದಲೇ, ಮೋಡ ಕೆಳಗಿಳಿದಿತ್ತು. ಕಂಟ್ರೋಲರ್ ಅಕ್ಕನ ವಿಮಾನವನ್ನು ಕರೆದು ಒಂದೇ ಉಸಿರಿಗೆ ಎರಡು ಪ್ರಶ್ನೆ ಕೇಳಿದರು. ಮೋಡದಿಂದ ದೂರ ಇರಲು ಆಗುತ್ತಿದೆಯೇ, ಇಲ್ಲಾ ನೆರವು ಬೇಕೇ?

ಅಕ್ಕ ಥಟ್ಟನೆ ಹೇಳಿದರು. "ಅಫರ್ಮ್."

ಹೌದು ಎಂದರ್ಥ. ಯಾವ ಪ್ರಶ್ನೆಗೆ ಹೌದು? ಕಂಟ್ರೋಲರ್ ಮೊದಲನೆಯದಕ್ಕೆ ಎಂದುಕೊಂಡಿರಬೇಕು. ಅಷ್ಟರಲ್ಲಿ ಬೇರೆ ವಿಮಾನ ಕರೆಯಿತು. ಅಕ್ಕನಿಗೆ ಯಾವ ಪ್ರಶ್ನೆಯೂ ತಿಳಿದಿರಲಿಲ್ಲ. ಬಾಗಿಲ ಆಚೆಯಿಂದ ಎಷ್ಟು ಸಲ ಕೇಳಿದ್ದೆ ಅಂದಾಜಿನ ಆ ದನಿಯನ್ನು! ಎದ್ದು ಇನ್‌ಸ್ಟ್ರಕ್ಟರ್ ಇದ್ದಲ್ಲಿಗೆ ಓಡಿದೆ. ಅವರು ಟವರಿಗೆ ಫೋನ್ ಮಾಡುವ ಹೊತ್ತಿಗೆ ರೇಡಿಯೋದಲ್ಲಿ ಕಂಟ್ರೋಲರ್ ಅಕ್ಕನ ವಿಮಾನವನ್ನು ಕರೆಯುತ್ತಿದ್ದರು. ಮತ್ತೆ ಕರೆದರು. ಮತ್ತೆ...

ಗುಡ್ಡದ ಇಳಿಜಾರಿನಲ್ಲಿ ಮರುದಿನ ವಿಮಾನ ಸಿಕ್ಕಿತು.

ದೇಹ ಒಯ್ಯಲು ಅವರ ಅಣ್ಣ ಬಂದರು. ನಮ್ಮ ರೂಮಿನಲ್ಲಿ ಅಕ್ಕನ ಬಟ್ಟೆಗಳನ್ನು ತಾವೇ ಮಡಚಿ ಪೆಟ್ಟಿಗೆಗೆ ತುಂಬಿದರು. ಎದ್ದು ಹೊರಡುವಾಗ ಕೇಳಿದರು. "ಕಡೀಗೆ ಏನಂದ್ಲ್ರೀ ಆಕಿ?"

"ಅಫರ್ಮ್ ಅಂದ್ರು."

"ಹಂಗಂದ್ರ?"

"ಹೌದು ಅಂತ."

ಅವರು ತಲೆಯಾಡಿಸಿದರು. ಬಾರ್ಬಿಯಲ್ಲಿ ನಾನು ಮಾಡಿದ್ದನ್ನು ಅವರಿಗೆ ಹೇಳಲಿಲ್ಲ. ತನಿಖೆಗೆ ಬಂದವರಿಗೂ ಹೇಳಲಿಲ್ಲ. ಅವರು ಕೇಳಿದ್ದು ಹವಾಮಾನದ ಬಗ್ಗೆ.

ಪರ್ತ್‌ನಲ್ಲಿ ಇರಲಾಗಲಿಲ್ಲ. ಬ್ರಿಸ್ಬೇನ್‌ಗೆ ಹೋಗಿ ಲೈಸೆನ್ಸ್ ಮುಗಿಸಿದೆ. ಈಗ ಅಡಿಲೇಡ್‌ನಲ್ಲಿ ಹೊಸಬರಿಗೆ ರೇಡಿಯೋ ಪಾಠ ಹೇಳುತ್ತೇನೆ. ಒಂದು ಸಲವೂ 'ಸೇ ಅಗೇನ್' ಎನ್ನದವರನ್ನು ಪಾಸು ಮಾಡುವುದಿಲ್ಲ. ಕಾರಣ ಕೇಳಿದರೆ ನಿಯಮ ಎನ್ನುತ್ತೇನೆ.

ಅಂಗಡಿಯಿಂದ ಮನೆಗೆ ಬಂದವಳೇ, ಇಷ್ಟು ವರ್ಷಗಳ ಮೇಲೆ, ಆ ಅಣ್ಣನಿಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ. ಎದ್ದು ನಿಂತಿದ್ದು, ಮಾಡಿ ತೋರಿಸಿದ್ದು, ಮಕ್ಕಳು ಕೇಳಿದರೆಂದು ಎರಡನೇ ಸಲ ಮಾಡಿದ್ದು.

ಅವರು ಪೂರ್ತಿ ಕೇಳಿಸಿಕೊಂಡರು. "ಗೊತ್ತೈತ್ರಿ. ಆಕಿ ಅವತ್ತ ಫೋನ್ ಹಚ್ಚಿ ಹೇಳಿದ್ಲು. 'ಎಲ್ಲಾರೂ ಬಾಳ ನಕ್ಕರು ಅಣ್ಣ, ಇನ್ನ ತಿರುಗಿ ಕೇಳೂದಿಲ್ಲ' ಅಂದ್ಲು."



"ಅದ ಕೇಳಿ ನಾನೂ ನಕ್ಕಿದ್ದೆ," ಎಂದರು.